ಥೆರಪಿಸ್ಟೋ, ಗುರುಗಳೋ ಎಂದು ಕೇಳಿದ್ದೀರಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಹೊರದೇಶಕ್ಕೆ ಬಂದು 7 ತಿಂಗಳಾಗಿದೆ, ಕೆಲಸ ಚೆನ್ನಾಗಿದೆ, ಆದರೂ ರಾತ್ರಿ ಎದೆ ಬಿಗಿಯುತ್ತದೆ, ಸುಮ್ನೆ ಕೂತಲ್ಲೇ ಅಳು ಬರುತ್ತದೆ ಎಂದಿದ್ದೀರಿ. ಜೊತೆಗೆ ಕೆಲಸ ಮಾಡುವವರು ಥೆರಪಿಸ್ಟ್ ನೋಡಿ ಅಂದರಂತೆ. ಅಮ್ಮ ಗುರುಗಳ ಹತ್ತಿರ ಮಾತಾಡು ಅಂದರಂತೆ. ನಾನು ದೇಶ ಬಿಟ್ಟು 18 ವರ್ಷವಾಯಿತು. ಎರಡೂ ಬಾಗಿಲು ತಟ್ಟಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಸಾಮಾನ್ಯ ಡಾಕ್ಟರ್‌ಗೆ ತೋರಿಸಿ. ಎದೆ ಬಿಗಿದರೆ ಅದು ಆತಂಕವೇ ಎಂದು ನಾವೇ ತೀರ್ಮಾನ ಮಾಡಬಾರದು. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಎದೆ ಹೊಡೆದುಕೊಳ್ಳುತ್ತದೆ. ರಕ್ತಹೀನತೆಯಿಂದಲೂ ಸುಸ್ತು, ಏದುಸಿರು ಬರುತ್ತದೆ. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದಾದರೆ ಮುಂದಿನ ದಾರಿಯನ್ನೂ ಆ ಡಾಕ್ಟರೇ ತೋರಿಸುತ್ತಾರೆ. ಒಂದು ಪುಟ ಕೈಗೆ ಕೊಟ್ಟು, ಕಳೆದ ಎರಡು ವಾರ ಹೇಗಿತ್ತು ಎಂದು 9 ಪ್ರಶ್ನೆ ಕೇಳಬಹುದು. ಖಿನ್ನತೆ ಇದೆಯೇ, ಎಷ್ಟಿದೆ ಎಂದು ನೋಡುವ ಈ ಪ್ರಶ್ನೆಪಟ್ಟಿಗೆ ಪಿಎಚ್‌ಕ್ಯು-9 ಎನ್ನುತ್ತಾರೆ. ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ನಿಜವನ್ನೇ ಬರೆಯಿರಿ. ಅಂಥ ಯೋಚನೆ ಈಗಲೇ ಇದ್ದರೆ ಯಾವ ಅಪಾಯಿಂಟ್‌ಮೆಂಟಿಗೂ ಕಾಯಬೇಡಿ. ನೀವಿರುವ ದೇಶದ ತುರ್ತು ನಂಬರಿಗೋ ಸಹಾಯವಾಣಿಗೋ ಇವತ್ತೇ ಫೋನ್ ಮಾಡಿ.

ನನ್ನ ಕಥೆ ಹೇಳುತ್ತೇನೆ. ಬಂದ ಎರಡನೇ ವರ್ಷ ಅಪ್ಪ ತೀರಿಕೊಂಡರು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ವಾಪಸ್ ಬಂದವನು ಎಂಟು ತಿಂಗಳು ಅತ್ತೇ ಇಲ್ಲ. ಅದರ ಬದಲು ಬೆಳಗ್ಗೆ ಸಂಜೆ ಧ್ಯಾನಕ್ಕೆ ಕೂತೆ. ಕಣ್ಣು ಮುಚ್ಚಿದರೆ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಆಗ ಹೋಗುತ್ತಿದ್ದ ಕಡೆ ಹಿರಿಯರೊಬ್ಬರಿಗೆ ಹೇಳಿಕೊಂಡೆ. 'ಶ್ರದ್ಧೆ ಸಾಲದು, ಇನ್ನೂ ಜಾಸ್ತಿ ಹೊತ್ತು ಕೂತುಕೋ' ಅಂದರು. ಕೂತೆ. ಇದ್ದಬದ್ದ ನಿದ್ದೆಯೂ ಹೋಯಿತು.

ಜಾನ್ ವೆಲ್‌ವುಡ್ ಎಂಬ ಮನಶ್ಶಾಸ್ತ್ರಜ್ಞರಿದ್ದರು, ಸ್ವತಃ ಬೌದ್ಧ ಸಾಧನೆ ಮಾಡುತ್ತಿದ್ದವರು. ನೋವನ್ನು ಮುಟ್ಟದೆ ಸಾಧನೆಯ ಮರೆಯಲ್ಲಿ ದಾಟಿ ಹೋಗಲು ನೋಡುವುದನ್ನು ಅವರು 1980ರ ದಶಕದಲ್ಲಿ 'ಸ್ಪಿರಿಚುವಲ್ ಬೈಪಾಸಿಂಗ್' ಎಂದು ಕರೆದರು. ಎಷ್ಟೋ ವರ್ಷದ ನಂತರ ಅದನ್ನು ಓದಿದಾಗ, ನಾನು ಮಾಡಿದ್ದು ಇದನ್ನೇ ಎಂದು ತಿಳಿಯಿತು.

ನನ್ನನ್ನು ಥೆರಪಿಗೆ ಕಳಿಸಿದವರೂ ಒಬ್ಬ ಗುರುವೇ. ವಯಸ್ಸಾದ ಹೆಂಗಸು. ನಾನು ಕರ್ಮ, ಮೋಕ್ಷ ಅಂತ ಏನೇನೋ ಕೇಳುತ್ತಿದ್ದೆ. ಅವರು ತಡೆದು, 'ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತಪ್ಪಾ?' ಅಂದರು. ಲೆಕ್ಕ ಹೇಳಲಾಗಲಿಲ್ಲ. 'ಮೊದಲು ಡಾಕ್ಟರ ಹತ್ತಿರ ಹೋಗು. ಆ ಪ್ರಶ್ನೆಗಳು ಎಲ್ಲಿಗೂ ಓಡಿಹೋಗುವುದಿಲ್ಲ' ಅಂದರು. ಒಳ್ಳೆಯ ಗುರುವಿನ ಗುರುತು ನನ್ನ ಪಾಲಿಗೆ ಇದೇ. ತನಗೆ ಆಗದ ಕೆಲಸ ಯಾವುದು ಎಂದು ಅವರಿಗೆ ಗೊತ್ತಿರುತ್ತದೆ. ಮಾತ್ರೆ ಬಿಡು ಎನ್ನುವವರನ್ನು, ಮನೆಯವರಿಂದ ದೂರವಿರು ಎನ್ನುವವರನ್ನು, ನಿಮ್ಮ ಸಂಕಟಕ್ಕೆ ದರ ಕಟ್ಟುವವರನ್ನು ದಯವಿಟ್ಟು ನಂಬಬೇಡಿ. ಹೊಸ ಜಾಗದಲ್ಲಿ ಒಂಟಿಯಾಗಿರುವವರನ್ನು ಇಂಥವರು ಬೇಗ ಗುರುತಿಸುತ್ತಾರೆ.

ಥೆರಪಿ ಎಂದರೆ ಯಾರೋ ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು 50 ನಿಮಿಷ. ನನ್ನ ಮೊದಲ ಥೆರಪಿಸ್ಟ್ ಹೊಂದಲಿಲ್ಲ. ಮೂರು ಸಲ ಹೋಗಿ ಬದಲಾಯಿಸಿದೆ. ಅದು ತಪ್ಪೇನಲ್ಲ, ಅವರೂ ಬೇಜಾರು ಮಾಡಿಕೊಳ್ಳಲಿಲ್ಲ. ಎರಡನೆಯವರ ಮುಂದೆಯೂ ಮಾತು ತಡವರಿಸುತ್ತಿತ್ತು. ಎಷ್ಟು ವರ್ಷ ಹೊರಗಿದ್ದರೂ ದುಃಖ ಮಾತ್ರ ಕನ್ನಡದಲ್ಲೇ ಬರುತ್ತದೆ, ಅಲ್ವಾ? ಒಂದು ದಿನ ಅವರೇ, 'ನಿಮ್ಮ ಭಾಷೆಯಲ್ಲೇ ಹೇಳಿ, ಅರ್ಥ ಆಮೇಲೆ ಹೇಳುವಿರಂತೆ' ಅಂದರು. 'ಅಪ್ಪ, ನಾನು ಬರೋದು ತಡ ಆಯ್ತು' ಅಂದೆ. ಅವರಿಗೆ ಒಂದು ಪದವೂ ತಿಳಿಯಲಿಲ್ಲ. ಎದ್ದು ಹೋಗದೆ ಕೂತಿದ್ದರು. ಎಂಟು ತಿಂಗಳ ಅಳು ಅವತ್ತು ಬಂತು.

ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ ಎಂದಿದ್ದೀರಿ, ಮತ್ತೆ ಈ ಅಳು ಯಾಕೆ ಎಂದು ಕೇಳಿದ್ದೀರಿ. ಪಾಲಿನ್ ಬಾಸ್ ಎಂಬ ಸಂಶೋಧಕಿ 1970ರ ದಶಕದಿಂದ ಇಂಥ ನಷ್ಟದ ಬಗ್ಗೆ ಕೆಲಸ ಮಾಡಿದವರು. ಯಾರೂ ಸತ್ತಿರುವುದಿಲ್ಲ, ಆದರೂ ಕಳೆದುಕೊಂಡ ಹಾಗೆ ಇರುತ್ತದೆ. ಜನ ಇದ್ದಾರೆ, ಹತ್ತಿರ ಇಲ್ಲ. ವಲಸೆ ಬಂದವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತು! ಇಂಥ ದುಃಖಕ್ಕೆ ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಹಾಗಾಗಿ ಇದು ದುಃಖ ಎಂದು ನಮಗೇ ಅನಿಸುವುದಿಲ್ಲ. ನಿಮಗೂ ಹೀಗೇ ಆಗಿರಬಹುದು.

ಆಫೀಸಿಗೆ ಗೊತ್ತಾಗುತ್ತದಾ ಎಂಬ ಭಯ ನಿಮಗಿದೆ. ಎಷ್ಟೋ ಕಂಪನಿಗಳು ಕೆಲವು ಭೇಟಿಗಳ ಖರ್ಚನ್ನು ತಾವೇ ಕೊಡುತ್ತವೆ. ವಿಶ್ವವಿದ್ಯಾಲಯಗಳಲ್ಲೂ ಕೌನ್ಸೆಲಿಂಗ್ ಇರುತ್ತದೆ. ಹೇಳಿದ್ದನ್ನು ಗುಟ್ಟಾಗಿ ಇಡುವುದು ಥೆರಪಿಸ್ಟರ ವೃತ್ತಿಧರ್ಮ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಎಂಬಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ. ಲೈಸೆನ್ಸ್ ಅಥವಾ ನೋಂದಣಿ ಇದೆಯಾ ಎಂದೂ ಕೇಳಿ. ಎಷ್ಟೋ ಕಡೆ ಕೌನ್ಸೆಲರ್ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಬಹುದು. ಇನ್ನೊಂದು ಮಾತು, ಬೇಕೆನಿಸಿದರೆ ಮಾತ್ರೆಗೆ ಹೆದರಬೇಡಿ. ಖಿನ್ನತೆಯ ಮಾತ್ರೆ ಗುಣ ತೋರಲು ಕೆಲವು ವಾರ ಬೇಕು. ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಬಾರದು, ಅಷ್ಟೇ.

ಪ್ರಾರ್ಥನೆ ಬಿಡಬೇಕಾ ಎಂದರೆ, ಖಂಡಿತ ಇಲ್ಲ. ನಾನೂ ಬಿಟ್ಟಿಲ್ಲ. ನಂಬಿಕೆಯ ಬಗ್ಗೆ ಥೆರಪಿಸ್ಟ್ ಹತ್ತಿರವೂ ಧೈರ್ಯವಾಗಿ ಮಾತಾಡಿ, ಅದನ್ನು ಕೀಳಾಗಿ ಕಂಡರೆ ಬೇರೆಯವರನ್ನು ಹುಡುಕಿ. ಕಣ್ಣು ಮುಚ್ಚಿ ಕೂತಾಗ ಭಯ ಜಾಸ್ತಿಯಾದರೆ ಮಾತ್ರ ಕೂರಬೇಡಿ, ಎದ್ದು ನಡೆಯಿರಿ. ನಿದ್ದೆ ಮರಳಿದ ಮೇಲೆ ನಾನು ಆ ಅಜ್ಜಿಯ ಹತ್ತಿರ ಮತ್ತೆ ಹೋದೆ. ಅಪ್ಪ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಆ ಪ್ರಶ್ನೆಯನ್ನು ಥೆರಪಿಸ್ಟ್ ಹತ್ತಿರ ಕೇಳಲು ನನಗೆ ಮನಸ್ಸಿರಲಿಲ್ಲ.

ನಾಳೆ ಡಾಕ್ಟರ ಆಫೀಸಿಗೆ ಫೋನ್ ಮಾಡಿದಾಗ ಏನು ಹೇಳುವುದು ಎಂದು ತೋಚದಿದ್ದರೆ, ನನಗೆ ಬರೆದದ್ದನ್ನೇ ಓದಿಬಿಡಿ. ಬಂದು 7 ತಿಂಗಳು, ರಾತ್ರಿ ಎದೆ ಬಿಗಿತ, ಅಳು. ಅಷ್ಟು ಸಾಕು.