ಚಕ್ರವ್ಯೂಹದಲ್ಲಿ ತಂದೆ, ಪಾತ್ರೆಯಲ್ಲಿ ಬೂಟು

ಪ್ರಶ್ನೆ: ನಾವು ಐದಾರು ಗೆಳೆಯರು ಸೇರಿ ಹಳೆಯ ಚಿತ್ರಗಳನ್ನು ನೋಡುತ್ತೇವೆ. ಆಮೇಲೆ ಒಂದು ಆಟ: ಚಿತ್ರಕ್ಕೆ ಸಂಬಂಧವೇ ಇಲ್ಲದ ಪುರಾಣವನ್ನೋ ವಿಷಯವನ್ನೋ ಹಿಡಿದು ಅದನ್ನು ಅರ್ಥೈಸಬೇಕು. ಸ್ಟ್ಯಾನ್ಲಿ ಕೂಬ್ರಿಕ್ ಅವರ ‘ದಿ ಶೈನಿಂಗ್’ (1980) ನೋಡಿದ ದಿನ, ಅದರಲ್ಲಿನ ಹುಡುಗ ಡ್ಯಾನಿ ಅಭಿಮನ್ಯುವಿನಂತೆ ಎಂದೆ. ‘ಇದು ಬಾದರಾಯಣ ಸಂಬಂಧ, ನಿರ್ದೇಶಕರ ತಲೆಯಲ್ಲಿ ಅಭಿಮನ್ಯು ಇದ್ದನೇ?’ ಎಂದು ಎಲ್ಲರೂ ನಕ್ಕರು. ಇಂಥ ಓದಿಗೆ ಅರ್ಥವಿದೆಯೇ?

ಉತ್ತರ: ಖಂಡಿತ ಇದೆ. ನಿರ್ದೇಶಕರ ತಲೆಯಲ್ಲಿ ಏನಿತ್ತು ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಹೋಲಿಕೆಯನ್ನು ಹಿಡಿದು ಮತ್ತೊಮ್ಮೆ ಚಿತ್ರ ನೋಡಿದಾಗ, ಮೊದಲು ಕಣ್ತಪ್ಪಿಸಿಕೊಂಡಿದ್ದ ಏನಾದರೂ ಕಾಣುತ್ತದೆಯೇ? ನಾನು ಓದನ್ನು ಒರೆಗೆ ಹಚ್ಚುವುದು ಹೀಗೆ.

ಜನಜನಿತ ಕಥೆಯಲ್ಲಿ ಅಭಿಮನ್ಯು ತಾಯಿಯ ಗರ್ಭದಲ್ಲಿದ್ದಾಗ ಚಕ್ರವ್ಯೂಹವನ್ನು ಭೇದಿಸುವ ಬಗೆಯನ್ನು ಕೇಳಿಸಿಕೊಳ್ಳುತ್ತಾನೆ. ಹೊರಬರುವ ಭಾಗ ಬರುವಷ್ಟರಲ್ಲಿ ಸುಭದ್ರೆಗೆ ನಿದ್ದೆ ಹತ್ತಿರುತ್ತದೆ. ಚಿತ್ರದ ಕೊನೆಯಲ್ಲಿ ಡ್ಯಾನಿಯನ್ನು ಕೊಲ್ಲಲು ತಂದೆಯೇ ಬೆನ್ನಟ್ಟುತ್ತಾನೆ; ಹುಡುಗ ಬೇಲಿಗಿಡಗಳಿಂದ ಮಾಡಿದ, ದಾರಿ ತಪ್ಪಿಸುವ ವ್ಯೂಹದೊಳಗೆ ಹೊಕ್ಕು ಬದುಕಿ ಹೊರಬರುತ್ತಾನೆ, ಆದ್ದರಿಂದ ಹೋಲಿಕೆ ಇಲ್ಲಿ ಮುರಿಯುತ್ತದೆ. ಆದರೆ ಏಕೆ ಮುರಿಯಿತು ಎಂದು ಕೇಳಿಕೊಳ್ಳಿ. ಚಿತ್ರದ ಮೊದಲರ್ಧದಲ್ಲಿ, ಹಿಮ ಬೀಳುವ ಮುನ್ನ, ಅವನ ತಾಯಿ ವೆಂಡಿ ಆ ಬೇಲಿಗಿಡಗಳ ವ್ಯೂಹದೊಳಗೆ ಅವನ ಜೊತೆ ಅಡ್ಡಾಡುತ್ತಾಳೆ. ಹಗಲಿನ ಆ ಓಟದಾಟ ಸಾಮಾನ್ಯ ಪ್ರೇಕ್ಷಕನಿಗೆ ಬರೀ ವಿಹಾರ. ಅಭಿಮನ್ಯುವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಅದು ಪಾಠ: ಈ ತಾಯಿ ನಿದ್ದೆ ಹೋಗಲಿಲ್ಲ. ಆ ದೃಶ್ಯವನ್ನು ನಾನು ಇನ್ನು ಮೊದಲಿನಂತೆ ನೋಡಲಾರೆ. ಅದಕ್ಕಾಗಿ ನಿಮಗೆ ಧನ್ಯವಾದ.

ಇದೇ ಚಿತ್ರಕ್ಕೆ ಗ್ರೀಕರ ಥೀಸಿಯಸ್ ಕಥೆಯನ್ನೂ ಹಚ್ಚುತ್ತಾರೆ. ಕ್ರೀಟ್ ದ್ವೀಪದ ವ್ಯೂಹದಲ್ಲಿ ವೃಷಭಮುಖದ ಮಿನೋಟಾರ್ ಇರುತ್ತಾನೆ. ಅವನನ್ನು ಕೊಂದ ಥೀಸಿಯಸ್ ಅರಿಯಾಡ್ನಿ ಕೊಟ್ಟ ದಾರದ ಜಾಡು ಹಿಡಿದು ಹೊರಬರುತ್ತಾನೆ. ಡ್ಯಾನಿಯ ಕೈಯಲ್ಲಿ ದಾರವಿಲ್ಲ, ಹಿಮದ ಮೇಲೆ ಅವನ ಹೆಜ್ಜೆಗುರುತುಗಳಿವೆ. ಕೊಡಲಿ ಹಿಡಿದ ತಂದೆ ಜ್ಯಾಕ್ ಬೆನ್ನಟ್ಟುವುದೂ ಆ ಗುರುತುಗಳನ್ನು ನೋಡಿಯೇ. ಹುಡುಗ ಒಂದು ಕ್ಷಣ ನಿಂತು, ತನ್ನದೇ ಹೆಜ್ಜೆಗಳ ಮೇಲೆ ಒಂದೊಂದಾಗಿ ಕಾಲಿಡುತ್ತ ಹಿಂದೆ ಸರಿಯುತ್ತಾನೆ. ಪಕ್ಕಕ್ಕೆ ಜಿಗಿದು, ಆ ಗುರುತನ್ನು ಕೈಯಿಂದ ಅಳಿಸಿ, ಅಡಗಿಕೊಳ್ಳುತ್ತಾನೆ. ತಂದೆ ಮುಂದೆ ಹೋದ ಮೇಲೆ ಅದೇ ಗುರುತುಗಳೇ ಹುಡುಗನಿಗೆ ದಾರಿ ತೋರುತ್ತವೆ. ತನಗೆ ದಾರವಾದುದನ್ನೇ ಬೆನ್ನಟ್ಟಿದವನಿಗೆ ಬಲೆಯಾಗಿಸಿದ.

ಪುರಾಣದಲ್ಲಿ ಇನ್ನೊಂದು ಸಾವೂ ಇದೆ. ಗೆದ್ದು ಮರಳುವಾಗ ಥೀಸಿಯಸ್ ಹಡಗಿನ ಕರಿಯ ಹಾಯಿಯನ್ನು ಬದಲಿಸಲು ಮರೆಯುತ್ತಾನೆ, ಮಗ ಸತ್ತನೆಂದು ತಿಳಿದು ತಂದೆ ಈಜಿಯಸ್ ಸಮುದ್ರಕ್ಕೆ ಹಾರುತ್ತಾನೆ. ಮಗ ಉಳಿದುಬಂದ, ತಂದೆ ಹೋದ. ಕೂಬ್ರಿಕ್ ಅವರ ಚಿತ್ರದಲ್ಲಿ ಆ ಎರಡು ಸಾವುಗಳು ವ್ಯೂಹದಲ್ಲೇ ಸಿಕ್ಕಿ ಸತ್ತ ಜ್ಯಾಕ್‌ನ ಒಂದೇ ದೇಹದಲ್ಲಿ ಸೇರಿಕೊಂಡಿವೆ: ಮಿನೋಟಾರನೂ ಅವನೇ, ತಂದೆಯೂ ಅವನೇ. ಹಿಮದಲ್ಲಿ ಹೆಪ್ಪುಗಟ್ಟಿದ ಆ ಮುಖವನ್ನು ಕಂಡಾಗ ನಿಟ್ಟುಸಿರು ಬಿಡುವ ಬದಲು ಮನಸ್ಸು ಭಾರವಾಗುವುದು ಇದರಿಂದಲೇ ಇರಬೇಕು.

ಇನ್ನು ನಿರ್ದೇಶಕರ ಮಾತು. ಸ್ಟೀಫನ್ ಕಿಂಗ್ ಅವರ 1977ರ ಕಾದಂಬರಿಯಲ್ಲಿ ಈ ವ್ಯೂಹವೇ ಇಲ್ಲ, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳಿವೆ; ವ್ಯೂಹ ಬಂದದ್ದು ಚಿತ್ರದಲ್ಲಿ. ಕೂಬ್ರಿಕ್ 1955ರಲ್ಲಿ ‘ಕಿಲ್ಲರ್ಸ್ ಕಿಸ್’ ಮಾಡಿದಾಗ ತಯಾರಿಕಾ ಸಂಸ್ಥೆಯ ಹೆಸರು ಮಿನೋಟಾರ್ ಪ್ರೊಡಕ್ಷನ್ಸ್. ಗೆಳೆಯರಿಗೆ ಇಷ್ಟನ್ನು ಹೇಳಿ. ಹಾಗೆಂದು ಎಲ್ಲವನ್ನೂ ಒಪ್ಪಬೇಕಿಲ್ಲ. ಈ ಚಿತ್ರದ ವಿಚಿತ್ರ ಓದುಗಳನ್ನೇ ಕಲೆಹಾಕಿದ ‘ರೂಮ್ 237’ (2012) ಎಂಬ ಸಾಕ್ಷ್ಯಚಿತ್ರವಿದೆ; ಅದರಲ್ಲಿ ಒಬ್ಬರಿಗೆ ಗೋಡೆಯ ಮೇಲಿನ ಸ್ಕೀ ಆಟಗಾರನ ಚಿತ್ರದಲ್ಲಿ ಮಿನೋಟಾರ್ ಕಾಣುತ್ತಾನೆ. ನನಗೆ ಅದು ಹಿಡಿಸಲಿಲ್ಲ. ಅದನ್ನು ನಂಬಿದರೂ ಬಿಟ್ಟರೂ ಚಿತ್ರದ ಯಾವ ದೃಶ್ಯವೂ ಬದಲಾಗುವುದಿಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದಂತಾಗುತ್ತದೆ.

ಪ್ರಶ್ನೆ: ಪುರಾಣ ಬೇಡ, ತೀರಾ ಸಾಮಾನ್ಯ ವಿಷಯವನ್ನು ಹಿಡಿದರೆ?

ಉತ್ತರ: ಚಾರ್ಲಿ ಚಾಪ್ಲಿನ್ ಅವರ ‘ದಿ ಗೋಲ್ಡ್ ರಶ್’ (1925) ಚಿತ್ರವನ್ನು ಪಾದರಕ್ಷೆಯ ಕಥೆಯಾಗಿ ನೋಡಿ. ಹಸಿವು ತಾಳಲಾರದೆ ಚಿತ್ರದ ನಾಯಕ ತನ್ನ ಬೂಟನ್ನು ಬೇಯಿಸುತ್ತಾನೆ, ಲೇಸನ್ನು ಶಾವಿಗೆಯಂತೆ ಫೋರ್ಕಿಗೆ ಸುತ್ತಿಕೊಳ್ಳುತ್ತಾನೆ, ಮೊಳೆಗಳನ್ನು ಮೂಳೆ ಚೀಪಿದಂತೆ ಚೀಪುತ್ತಾನೆ. ಮುಂದೆ, ಊಟಕ್ಕೆ ಕರೆದ ಹುಡುಗಿ ಬಾರದ ರಾತ್ರಿ, ಕನಸಿನಲ್ಲಿ ಎರಡು ಬನ್ನುಗಳಿಗೆ ಫೋರ್ಕು ಚುಚ್ಚಿ ಕುಣಿಸುತ್ತಾನೆ. ಆ ಬನ್ನುಗಳು ಈಗ ಪಾದಗಳು. ಹಸಿದಾಗ ಬೂಟು ಊಟವಾಯಿತು, ಪ್ರೀತಿಗೆ ಹಂಬಲಿಸಿದಾಗ ಊಟ ಬೂಟಾಯಿತು. ಎರಡು ದೃಶ್ಯಗಳೂ ಜಗತ್ಪ್ರಸಿದ್ಧ. ಒಂದು ಇನ್ನೊಂದರ ತಿರುವು ಎಂಬುದು ನನಗೆ ಹೊಳೆದದ್ದು ಈ ಆಟದಿಂದಲೇ. ಬೂಟು ತಿಂದ ಮೇಲೆ ಅವನು ಒಂದು ಕಾಲಿಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಾನೆ. ಮುಂದಿನ ಸಲ ನೋಡುವಾಗ ಆ ಕಾಲಿನ ಮೇಲೇ ಕಣ್ಣಿಡಿ.