ಹಗುರವಾದದ್ದು ಹಿಂದೇಕೆ?

ಪ್ರಶ್ನೆ: ಕಾಫಿ ತೋಟಕ್ಕೆ ತಂದ ಪೊಟ್ಯಾಷ್ (ಪೊಟ್ಯಾಸಿಯಂ ಗೊಬ್ಬರ) ಚೀಲವನ್ನು ಕಂಡ ಮಗಳು ಆವರ್ತಕ ಕೋಷ್ಟಕ ತೆರೆದು, ಪೊಟ್ಯಾಸಿಯಂನ ಪರಮಾಣು ರಾಶಿ 39.10, ಆರ್ಗಾನ್‌ನದು 39.95 ಆಗಿದ್ದರೂ ಆರ್ಗಾನ್ ಮೊದಲು ಬಂದದ್ದೇಕೆ ಎಂದು ಕೇಳಿದಳು. ದಯವಿಟ್ಟು ವಿವರಿಸಿ.
– ಓದುಗರು, ಸೋಮವಾರಪೇಟೆ, ಕೊಡಗು

ಉತ್ತರ: ಮಗಳು ಗಮನಿಸಿದ್ದು ಸರಿಯಾಗಿಯೇ ಇದೆ. ಕೋಷ್ಟಕದ ಕ್ರಮವನ್ನು ನಿರ್ಧರಿಸುವುದು ರಾಶಿಯಲ್ಲ, ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನುಗಳ ಸಂಖ್ಯೆ. ಅದು ಆರ್ಗಾನ್‌ನಲ್ಲಿ 18, ಪೊಟ್ಯಾಸಿಯಂನಲ್ಲಿ 19. 1869ರಲ್ಲಿ ರಷ್ಯದ ರಸಾಯನವಿಜ್ಞಾನಿ ಮೆಂಡಲೀವ್ ರಾಶಿಯನ್ನೇ ಆಧರಿಸಿ ಧಾತುಗಳನ್ನು ಜೋಡಿಸಿದನಾದರೂ, ಗುಣಸಾಮ್ಯಕ್ಕೆ ಮನ್ನಣೆ ಕೊಟ್ಟು, ಹೆಚ್ಚು ಭಾರದ ಟೆಲ್ಯುರಿಯಂ ಅನ್ನು ಅಯೋಡಿನ್‌ಗಿಂತ ಮುಂಚೆ ಇಟ್ಟಿದ್ದ. ಆ ದಿಟ್ಟತನಕ್ಕೆ ಆಧಾರ ದೊರೆತದ್ದು 1913ರಲ್ಲಿ, ಧಾತುಗಳ ಕ್ರಮಕ್ಕೆ ನ್ಯೂಕ್ಲಿಯಸ್ಸಿನ ವಿದ್ಯುದಾವೇಶವೇ ಆಧಾರವೆಂದು ತೋರಿಸಿದ ಬ್ರಿಟಿಷ್ ಭೌತವಿಜ್ಞಾನಿ ಮೋಸ್ಲಿಯ ಎಕ್ಸ್-ಕಿರಣ ಪ್ರಯೋಗಗಳಿಂದ.

ಇನ್ನು ಆರ್ಗಾನ್ ಇಷ್ಟು ಭಾರವಾದದ್ದೇಕೆ? ಇದು ಇನ್ನೂ ಸ್ವಾರಸ್ಯಕರ. ಪೊಟ್ಯಾಸಿಯಂನ ಬಹುಪಾಲು ಪರಮಾಣುಗಳ ರಾಶಿಸಂಖ್ಯೆ (ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಸಂಖ್ಯೆ) 39. ಅತ್ಯಲ್ಪ ಭಾಗ ಮಾತ್ರ ವಿಕಿರಣಶೀಲವಾದ ಪೊಟ್ಯಾಸಿಯಂ-40. ಸುಮಾರು 125 ಕೋಟಿ ವರ್ಷಗಳ ಅರ್ಧಾಯುಷ್ಯವುಳ್ಳ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಕಾಲ) ಅದು ಬಂಡೆಗಳೊಳಗೆ ಕ್ಷಯಿಸುತ್ತ, ಹತ್ತರಲ್ಲೊಂದು ಪಾಲಿನಷ್ಟು ಆರ್ಗಾನ್-40 ಆಗುತ್ತದೆ. ನಮ್ಮ ಗಾಳಿಯಲ್ಲಿರುವ ಆರ್ಗಾನ್‌ನಲ್ಲಿ ಶೇ. 99ಕ್ಕೂ ಹೆಚ್ಚು ಹೀಗೆ ಹುಟ್ಟಿದ್ದೇ. ನಿಮ್ಮ ಪೊಟ್ಯಾಷ್ ಚೀಲದಲ್ಲೂ ಈ ಕ್ರಿಯೆ ನಿರಪಾಯಕರವಾಗಿ ನಡೆಯುತ್ತಲೇ ಇದೆ.