ರೇಖೆ ಎಡಕ್ಕೋ ಬಲಕ್ಕೋ? ಫಾರ್ಮಕಾಲಜಿ ಓದುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೌಸ್ ಸರ್ಜೆನ್ಸಿಯಲ್ಲಿದ್ದೇನೆ. ಔಷಧ ಜೀವಕೋಶದೊಳಗೆ ಏನು ಮಾಡುತ್ತದೆ ಎನ್ನುವುದರ ಮೇಲೇ ಆಸಕ್ತಿ. ಎಂ.ಡಿ. ಫಾರ್ಮಕಾಲಜಿ ಮಾಡಲೋ, ನೇರವಾಗಿ ಪಿಎಚ್.ಡಿ.ಗೆ ಹೋಗಲೋ? ಅಮೆರಿಕದ ಎಂ.ಡಿ.-ಪಿಎಚ್.ಡಿ. ನಮಗೆ ಸಿಗುತ್ತದೆಯೇ? (ಹಾಸನದಿಂದ)

ಉತ್ತರ: ಕೋಶದೊಳಗಿನ ಕೆಲಸವೇ ಬೇಕಿದ್ದರೆ ಪಿಎಚ್.ಡಿ. ಕಡೆಗೇ ನಮ್ಮ ಒಲವು. ನೀಟ್-ಪಿಜಿ ಬರೆದು ಸೇರುವ ಮೂರು ವರ್ಷದ ಎಂ.ಡಿ.ಯಲ್ಲಿ ದಿನದ ಬಹುಪಾಲು ಎಂ.ಬಿ.ಬಿ.ಎಸ್. ಮಕ್ಕಳ ಪಾಠ, ಅಡ್ಡಪರಿಣಾಮಗಳ ವರದಿ, ಕ್ಲಿನಿಕಲ್ ಟ್ರಯಲ್ ಇವುಗಳಲ್ಲೇ ಕಳೆಯುತ್ತದೆ. ಅದು ಬೇರೆ ಬಗೆಯ ಒಳ್ಳೆಯ ಕೆಲಸ. ಮುಂದೆ ಡಿ.ಎಂ. ಕ್ಲಿನಿಕಲ್ ಫಾರ್ಮಕಾಲಜಿಗೆ ದಾರಿಯೂ ಅದೇ. ಆದರೆ ಸೆಲ್ ಕಲ್ಚರ್ ಕೋಣೆ ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ. ಕೌನ್ಸೆಲಿಂಗ್‌ಗೆ ಮೊದಲು ಆ ವಿಭಾಗದ ಹಿಂದಿನ ಐದಾರು ಪ್ರಬಂಧಗಳ ಶೀರ್ಷಿಕೆ ಕೇಳಿ ನೋಡಿ. ಎಲ್ಲವೂ ಪ್ರಿಸ್ಕ್ರಿಪ್ಷನ್ ಆಡಿಟ್ ಆಗಿದ್ದರೆ ನಿಮ್ಮದೂ ಅದೇ ಆಗುವ ಸಂಭವ ಹೆಚ್ಚು.

ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೊಶಿಪ್) ಪರೀಕ್ಷೆಗೆ ಎಂ.ಬಿ.ಬಿ.ಎಸ್. ಪದವಿಯೇ ಸಾಕು. 2023ರ ಜನವರಿಯಿಂದ ಈ ಫೆಲೊಶಿಪ್ ತಿಂಗಳಿಗೆ 37,000 ರೂಪಾಯಿ. ಅಮೆರಿಕದಲ್ಲಿ ಎನ್‌ಐಎಚ್ (ಅಲ್ಲಿನ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ) ಹಣದಿಂದ ನಡೆಯುವ ಎಂ.ಡಿ.-ಪಿಎಚ್.ಡಿ. ತರಬೇತಿಯ ಸ್ಟೈಪೆಂಡ್ ಅಲ್ಲಿನ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಅಲ್ಲಿನ ಎಂ.ಡಿ. ಎಂದರೆ ನಮ್ಮ ಎಂ.ಬಿ.ಬಿ.ಎಸ್.ಗೆ ಸಮನಾದದ್ದು, ನೀವು ಅದನ್ನು ಆಗಲೇ ಓದಿದ್ದೀರಿ. ಹಾಗಾಗಿ ಬರೀ ಪಿಎಚ್.ಡಿ.ಗೇ ಅರ್ಜಿ ಹಾಕಿ. ಯುಎಸ್‌ಎಂಎಲ್‌ಇ (ಅಲ್ಲಿನ ವೈದ್ಯಕೀಯ ಪರವಾನಗಿ ಪರೀಕ್ಷೆ) ಬೇಕಾಗುವುದು ರೆಸಿಡೆನ್ಸಿಗೆ ಹೋಗುವುದಾದರೆ ಮಾತ್ರ. ವೈದ್ಯರಾದವರು ಈ ಕ್ಷೇತ್ರಕ್ಕೆ ಹೊರಗಿನವರು ಎಂಬ ಅಳುಕು ಬೇಡ. ರಿಸೆಪ್ಟರ್‌ಗಳ (ಔಷಧ ಬಂದು ಅಂಟುವ, ಕೋಶದ ಪ್ರೋಟೀನ್‌ಗಳ) ಅಧ್ಯಯನಕ್ಕೆ 2012ರ ರಸಾಯನಶಾಸ್ತ್ರ ನೊಬೆಲ್ ಪಡೆದ ಲೆಫ್ಕೊವಿಟ್ಸ್, ಕೊಬಿಲ್ಕಾ ಇಬ್ಬರೂ ಎಂ.ಡಿ.ಗಳು. ಇಬ್ಬರಿಗೂ ಪಿಎಚ್.ಡಿ. ಇಲ್ಲ!

ಪ್ರಶ್ನೆ: ಎಚ್‌ಇಕೆ293 ಕೋಶಗಳಿಗೆ ಬೀಟಾ-2 ರಿಸೆಪ್ಟರ್ ಹಾಕಿ, ಐಸೊಪ್ರಿನಾಲಿನ್ ಕೊಟ್ಟು ಸೈಕ್ಲಿಕ್ ಎಎಂಪಿ ಅಳೆಯುತ್ತಿದ್ದೇನೆ. ಇಸಿ50 ಒಂದು ವಾರ ಇದ್ದದ್ದು ಇನ್ನೊಂದು ವಾರ ಹತ್ತು ಪಟ್ಟು ಬೇರೆ. ಎಲ್ಲಿ ತಪ್ಪುತ್ತಿದೆ? (ಬೆಳಗಾವಿಯಿಂದ)

ಉತ್ತರ: ಹೊಸಬರಿಗೆ ಒಂದು ಮಾತು: ಎಚ್‌ಇಕೆ293 ಮಾನವ ಭ್ರೂಣದ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳು; ಐಸೊಪ್ರಿನಾಲಿನ್ ಬೀಟಾ ರಿಸೆಪ್ಟರ್ ಕೆರಳಿಸುವ ಔಷಧ; ಆಗ ಕೋಶದೊಳಗೆ ಏರುವ ಸಂಕೇತ ಅಣುವೇ ಸೈಕ್ಲಿಕ್ ಎಎಂಪಿ. ಗರಿಷ್ಠ ಪರಿಣಾಮದ ಅರ್ಧ ಬರಲು ಬೇಕಾದ ಔಷಧದ ಸಾಂದ್ರತೆ ಇಸಿ50. ಮೊದಲು ರೇಖೆ (ಸಾಂದ್ರತೆಗೆ ತಕ್ಕಂತೆ ಪರಿಣಾಮ ತೋರಿಸುವ ಗ್ರಾಫ್) ಯಾವ ಕಡೆ ಸರಿಯಿತು ನೋಡಿ. ಬಲಕ್ಕೆ ಸರಿದರೆ ಇಸಿ50 ಹೆಚ್ಚಿದೆ, ಎಡಕ್ಕೆ ಸರಿದರೆ ಇಳಿದಿದೆ.

ಬಲಕ್ಕೆ ಸರಿದಿದ್ದರೆ ಔಷಧದ ಮೇಲೆ ಅನುಮಾನಪಡಿ. ಐಸೊಪ್ರಿನಾಲಿನ್ ಗಾಳಿ, ಬೆಳಕಿಗೆ ಆಕ್ಸಿಡೈಸ್ ಆಗುತ್ತದೆ. ದ್ರಾವಣ ನಸುಗೆಂಪಾಗಿದ್ದರೆ ಚೆಲ್ಲಿಬಿಡಿ. 10 ಮಿಲಿಮೋಲಾರ್ ಸ್ಟಾಕನ್ನು 1 ಮಿಲಿಮೋಲಾರ್ ಆಸ್ಕಾರ್ಬಿಕ್ ಆಮ್ಲದಲ್ಲಿ ಅಂದಂದೇ ಮಾಡಿ, ಐಸ್ ಮೇಲೆ ಕತ್ತಲಲ್ಲಿಡಿ. ಆಸ್ಕಾರ್ಬಿಕ್ ಆಮ್ಲವನ್ನು ಔಷಧ ಹಾಕದ ಕಂಟ್ರೋಲ್ ವೆಲ್‌ಗಳಿಗೂ (ವೆಲ್ ಎಂದರೆ ಪ್ಲೇಟಿನ ಗುಳಿ) ಅಷ್ಟೇ ಹಾಕಬೇಕು.

ಎಡಕ್ಕೆ ಸರಿದಿದ್ದರೆ ಮೂರು ಕಾರಣಗಳಿರಬಹುದು. ಒಂದು, ಆ ವಾರ ಟ್ರಾನ್ಸ್‌ಫೆಕ್ಷನ್ (ಕೋಶಕ್ಕೆ ರಿಸೆಪ್ಟರ್‌ನ ಜೀನ್ ಸೇರಿಸುವುದು) ಚೆನ್ನಾಗಿ ಕೂತು ರಿಸೆಪ್ಟರ್ ಸಂಖ್ಯೆ ಏರಿದೆ. ಸ್ಪೇರ್ ರಿಸೆಪ್ಟರ್ (ಪೂರ್ಣ ಪರಿಣಾಮಕ್ಕೆ ಬೇಕಾದ್ದಕ್ಕಿಂತ ಹೆಚ್ಚಿಗೆ ಇರುವವು) ಹೆಚ್ಚಿದಷ್ಟೂ ಸ್ವಲ್ಪ ಔಷಧಕ್ಕೇ ಅರ್ಧ ಪರಿಣಾಮ ಬಂದುಬಿಡುತ್ತದೆ. ಇಸಿ50 ಔಷಧದ ಗುಣ ಎಂದು ಹಲವರು ತಿಳಿದಿರುತ್ತಾರೆ. ಅದು ಔಷಧ, ಕೋಶ, ಅಳತೆಯ ವಿಧಾನ ಮೂರೂ ಸೇರಿದ ಸಂಖ್ಯೆ. ಸಾಧ್ಯವಾದರೆ ಸ್ಟೇಬಲ್ ಲೈನ್ (ರಿಸೆಪ್ಟರ್ ಕಾಯಂ ಆಗಿ ಉಳಿಯುವ ಕೋಶಗಳು) ಮಾಡಿಕೊಂಡು, ಪ್ಯಾಸೇಜ್ ಸಂಖ್ಯೆಗೆ (ಕೋಶಗಳನ್ನು ಹೊಸ ಪಾತ್ರೆಗೆ ಬದಲಿಸಿದ ಸಲಗಳು) ಒಂದು ಮಿತಿ ಹಾಕಿಕೊಳ್ಳಿ. ಎರಡು, ದುರ್ಬಲಗೊಳಿಸುವಾಗ ಟಿಪ್ ಬದಲಿಸಿಲ್ಲ. ಹಿಂದಿನ ಗಾಢ ದ್ರಾವಣ ಟಿಪ್‌ಗೆ ಅಂಟಿಕೊಂಡು ಮುಂದಿನದಕ್ಕೆ ಹೋಗುತ್ತದೆ, ತಳದ ಸಾಂದ್ರತೆಗಳು ಬರೆದುಕೊಂಡಿದ್ದಕ್ಕಿಂತ ಹೆಚ್ಚಾಗುತ್ತವೆ. ಮೂರನೆಯದು ಬಹಳ ಸಲ ಗಮನಕ್ಕೇ ಬರುವುದಿಲ್ಲ: ಸೈಕ್ಲಿಕ್ ಎಎಂಪಿ ಕಿಟ್‌ನ ಸಿಗ್ನಲ್ ಒಂದು ಮಟ್ಟದ ಮೇಲೆ ಏರುವುದಿಲ್ಲ. ಕೋಶ ಇನ್ನೂ ಸೈಕ್ಲಿಕ್ ಎಎಂಪಿ ಮಾಡುತ್ತಿದ್ದರೂ ಸಿಗ್ನಲ್ ಚಪ್ಪಟೆಯಾಗಿ, ರೇಖೆ ಬೇಗ ತುದಿ ಮುಟ್ಟಿದಂತೆ ಕಾಣುತ್ತದೆ. ಕಚ್ಚಾ ಸಿಗ್ನಲ್ಲಿಗೆ ರೇಖೆ ಎಳೆಯದೆ ಸ್ಟ್ಯಾಂಡರ್ಡ್ ಕರ್ವ್‌ನಿಂದ (ಗೊತ್ತಿರುವ ಪ್ರಮಾಣಗಳಿಂದ ಎಳೆದ ರೇಖೆ) ಸೈಕ್ಲಿಕ್ ಎಎಂಪಿ ಪ್ರಮಾಣಕ್ಕೆ ಪರಿವರ್ತಿಸಿ. ಮೇಲಿನ ಬಿಂದುಗಳು ಕರ್ವ್‌ನ ಹೊರಗೆ ಬಿದ್ದರೆ ವೆಲ್‌ಗೆ ಕೋಶ ಕಡಿಮೆ ಹಾಕಿ.

ಪ್ಲೇಟ್ ಹೀಗೆ ಹಾಕಿ. 96 ವೆಲ್‌ಗಳ ಅಂಚಿನ 36ಕ್ಕೆ ಬರೀ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತುಂಬಿ, ಅಲ್ಲಿ ನೀರು ಬೇಗ ಆರುತ್ತದೆ. ಒಳಗಿನ ಹತ್ತು ಕಂಬಸಾಲಿನಲ್ಲಿ ಒಂದು ಕಂಟ್ರೋಲ್‌ಗೆ, ಒಂಬತ್ತು ಔಷಧಕ್ಕೆ: 1 ಮೈಕ್ರೊಮೋಲಾರ್‌ನಿಂದ 0.1 ನ್ಯಾನೊಮೋಲಾರ್ ತನಕ ಅರ್ಧ ಲಾಗ್ ಹೆಜ್ಜೆ (ಪ್ರತಿ ಸಲ ಸುಮಾರು 3.16 ಪಟ್ಟು ಕಡಿಮೆ). 100 ಮೈಕ್ರೊಲೀಟರ್ ತೆಗೆದು 216 ಮೈಕ್ರೊಲೀಟರ್ ಬಫರ್‌ಗೆ ಹಾಕಿದರೆ ಒಂದು ಹೆಜ್ಜೆ ಸರಿಯಾಗುತ್ತದೆ. ಐಬಿಎಂಎಕ್ಸ್ (ಸೈಕ್ಲಿಕ್ ಎಎಂಪಿ ಒಡೆಯದಂತೆ ತಡೆಯುವ ವಸ್ತು) ಹಾಕುವುದಾದರೆ ಎಲ್ಲ ದಿನವೂ ಹಾಕಿ, ಔಷಧ ಕೊಟ್ಟ ಮೇಲೆ ಪ್ರತಿ ಸಲವೂ ಅಷ್ಟೇ ನಿಮಿಷಕ್ಕೆ, ಗಡಿಯಾರ ನೋಡಿಯೇ ಪ್ರತಿಕ್ರಿಯೆ ನಿಲ್ಲಿಸಿ. ರಿಸೆಪ್ಟರ್‌ನ ನೆರವಿಲ್ಲದೆಯೇ ಸೈಕ್ಲಿಕ್ ಎಎಂಪಿ ಏರಿಸುವ ಫೋರ್ಸ್‌ಕೋಲಿನ್ 10 ಮೈಕ್ರೊಮೋಲಾರ್ ಕೊಟ್ಟ ವೆಲ್‌ಗಳೂ ಆ ದಿನ ಬಿದ್ದಿದ್ದರೆ ದೋಷ ರಿಸೆಪ್ಟರ್‌ನದ್ದಲ್ಲ, ಕೋಶ ಅಥವಾ ಕಿಟ್‌ನದ್ದು. ಇನ್ನೊಂದು ಮಾತು: ಎಚ್‌ಇಕೆ293ರಲ್ಲಿ ಹುಟ್ಟಾ ಬೀಟಾ-2 ರಿಸೆಪ್ಟರ್ ಸ್ವಲ್ಪ ಇದ್ದೇ ಇರುತ್ತದೆ. ಏನೂ ಹಾಕದ ಕೋಶಗಳ ರೇಖೆಯನ್ನು ಪಕ್ಕದಲ್ಲಿ ತೋರಿಸದಿದ್ದರೆ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ ಅದೇ.

ಸರಾಸರಿಯನ್ನು ಇಸಿ50ಗೆ ತೆಗೆಯಬೇಡಿ, ಪಿಇಸಿ50ಗೆ (ಮೋಲಾರ್‌ನಲ್ಲಿ ಬರೆದ ಇಸಿ50ಯ ಋಣ ಲಾಗ್) ತೆಗೆಯಿರಿ. 1 ಮತ್ತು 100 ನ್ಯಾನೊಮೋಲಾರ್‌ಗಳ ನೇರ ಸರಾಸರಿ 50.5, ಪಿಇಸಿ50 ಲೆಕ್ಕದಲ್ಲಿ 9 ಮತ್ತು 7ರ ನಡುವಿನ 8, ಅಂದರೆ 10 ನ್ಯಾನೊಮೋಲಾರ್. ಒಂದೇ ಪ್ಲೇಟಿನ ಮೂರು ವೆಲ್‌ಗಳನ್ನು ಮೂರು ಪ್ರಯೋಗ ಎಂದು ಎಣಿಸುವ ಚಾಳಿಯನ್ನೂ ಬಿಡಿ.

ಪ್ರಶ್ನೆ: ಬೈಂಡಿಂಗ್ ಪ್ರಯೋಗದ ಐಸಿ50ಯನ್ನೇ ಕೆಐ ಎಂದು ಬರೆಯಬಹುದೇ? (ಮೈಸೂರಿನಿಂದ)

ಉತ್ತರ: ಬೇಡ. ಐಸಿ50 ಎಂದರೆ ರೇಡಿಯೊಲಿಗ್ಯಾಂಡ್ (ರಿಸೆಪ್ಟರ್‌ಗೆ ಅಂಟುವ, ವಿಕಿರಣ ಗುರುತಿನ ಅಣು) ಅಂಟುವುದನ್ನು ಅರ್ಧಕ್ಕಿಳಿಸುವ ಔಷಧದ ಸಾಂದ್ರತೆ; ಕೆಐ ಎಂದರೆ ಆ ಔಷಧ ರಿಸೆಪ್ಟರ್‌ಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎನ್ನುವ ಅಳತೆ, ಕೆಡಿ ಎಂದರೆ ರೇಡಿಯೊಲಿಗ್ಯಾಂಡ್‌ನದೇ ಅಂಥ ಅಳತೆ. ರೇಡಿಯೊಲಿಗ್ಯಾಂಡ್ ಎಷ್ಟು ಹಾಕಿದಿರಿ ಎನ್ನುವುದರ ಮೇಲೆ ಐಸಿ50 ಬದಲಾಗುತ್ತದೆ. 1973ರ ಚೆಂಗ್-ಪ್ರುಸಾಫ್ ಸೂತ್ರ ಹಾಕಿ: ಲಿಗ್ಯಾಂಡ್ ಸಾಂದ್ರತೆಯನ್ನು ಅದರ ಕೆಡಿಯಿಂದ ಭಾಗಿಸಿ, ಒಂದು ಕೂಡಿಸಿ, ಬಂದದ್ದರಿಂದ ಐಸಿ50ಯನ್ನು ಭಾಗಿಸಬೇಕು. ಲಿಗ್ಯಾಂಡ್ 1, ಕೆಡಿ 0.5, ಐಸಿ50 30 ನ್ಯಾನೊಮೋಲಾರ್ ಇದ್ದರೆ ಕೆಐ 10. ಇದು ಹೊಂದುವುದು ಪ್ರಯೋಗ ಸಮತೋಲನ ಮುಟ್ಟಿ, ಹಾಕಿದ ಲಿಗ್ಯಾಂಡ್‌ನಲ್ಲಿ ಶೇ 10ಕ್ಕಿಂತ ಕಡಿಮೆ ಅಂಟಿದ್ದರೆ ಮಾತ್ರ. ಜಾಸ್ತಿ ಅಂಟಿದ್ದರೆ ಮೆಂಬ್ರೇನ್ (ರಿಸೆಪ್ಟರ್ ಇರುವ ಕೋಶಪೊರೆ) ಪ್ರಮಾಣ ಇಳಿಸಿ.

ಪ್ರಶ್ನೆ: ಬಿ.ಫಾರ್ಮ್ ಕೊನೆಯ ವರ್ಷ. ಮಾಲಿಕ್ಯುಲರ್ ಕಡೆ ಹೋಗಲು ಎಂ.ಫಾರ್ಮ್ ಸಾಕೇ? (ರಾಯಚೂರಿನಿಂದ)

ಉತ್ತರ: ಪಿಸಿಐ (ಭಾರತೀಯ ಫಾರ್ಮಸಿ ಪರಿಷತ್ತು) ಪಠ್ಯಕ್ರಮದ ಎಂ.ಫಾರ್ಮ್ ಫಾರ್ಮಕಾಲಜಿಯ ಮೊದಲ ಸೆಮಿಸ್ಟರ್‌ನಲ್ಲೇ ಸೆಲ್ಯುಲರ್ ಅಂಡ್ ಮಾಲಿಕ್ಯುಲರ್ ಫಾರ್ಮಕಾಲಜಿ ಎಂಬ ಪತ್ರಿಕೆ ಇದೆ. ಪುಸ್ತಕದ ಮಟ್ಟಿಗೆ ಸಾಕು, ಕೈಗೆ ಅಭ್ಯಾಸ ಬರುವುದು ಎರಡನೇ ವರ್ಷದ ಪ್ರಾಜೆಕ್ಟ್‌ನಲ್ಲಿ. ಜಿಪ್ಯಾಟ್ (ಎಂ.ಫಾರ್ಮ್ ಪ್ರವೇಶದ ಅಖಿಲ ಭಾರತ ಪರೀಕ್ಷೆ) ಪಾಸಾದರೆ ಸ್ಟೈಪೆಂಡ್ ಇದೆ, ನೈಪರ್ (ರಾಷ್ಟ್ರೀಯ ಔಷಧ ಶಿಕ್ಷಣ, ಸಂಶೋಧನಾ ಸಂಸ್ಥೆ) ಪ್ರವೇಶ ಪರೀಕ್ಷೆಗೂ ಅದು ಬಳಕೆಗೆ ಬರುತ್ತದೆ. ಇಲಿಯ ಪಂಜದ ಊತ ಅಳೆಯುವ ಪ್ರಾಜೆಕ್ಟ್ ಒಪ್ಪಿಕೊಂಡು, ಆಮೇಲೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಗುರುತಿಸುವ ವಿಧಾನ) ಕಲಿಯಲಿಲ್ಲ ಎಂದರೆ ಆಗದು.

ಪ್ರಶ್ನೆ: ಬ್ಯುಪ್ರೆನಾರ್ಫಿನ್ ಕೂಡ ಓಪಿಯಾಯ್ಡ್ ತಾನೇ? ಹೆರಾಯಿನ್ ಚಟದವರಿಗೆ ಕೊಟ್ಟರೆ ವಿತ್‌ಡ್ರಾವಲ್ ಯಾಕೆ ಬರುತ್ತದೆ? (ಎಂ.ಬಿ.ಬಿ.ಎಸ್. ಎರಡನೇ ವರ್ಷ, ಹುಬ್ಬಳ್ಳಿಯಿಂದ)

ಉತ್ತರ: ಓಪಿಯಾಯ್ಡ್‌ಗಳು ಕೆಲಸ ಮಾಡುವ ಮ್ಯೂ ರಿಸೆಪ್ಟರ್‌ಗೆ ಬ್ಯುಪ್ರೆನಾರ್ಫಿನ್ ಗಟ್ಟಿಯಾಗಿ ಅಂಟುತ್ತದೆ, ಆದರೆ ಅರೆಬರೆಯಾಗಿ ಮಾತ್ರ ಕೆಲಸ ಮಾಡಿಸುತ್ತದೆ. ಹೆರಾಯಿನ್‌ನಿಂದ ಬಂದ ಮಾರ್ಫಿನ್ ರಿಸೆಪ್ಟರ್ ಮೇಲಿರುವಾಗಲೇ ಕೊಟ್ಟರೆ ಅದನ್ನು ತಳ್ಳಿ ತಾನು ಕೂರುತ್ತದೆ, ಒಟ್ಟು ಪರಿಣಾಮ ಥಟ್ಟನೆ ಇಳಿಯುತ್ತದೆ, ಮಾದಕವಸ್ತು ನಿಲ್ಲಿಸಿದಾಗಿನಂಥ ನರಳಾಟ (ವಿತ್‌ಡ್ರಾವಲ್) ಬರುತ್ತದೆ. ಅದಕ್ಕೇ ಹೆರಾಯಿನ್ ಆದರೆ ಸಾಮಾನ್ಯವಾಗಿ 12 ಗಂಟೆಯಾದರೂ ಕಳೆದು, ವಿತ್‌ಡ್ರಾವಲ್ ಲಕ್ಷಣ ತಾನಾಗಿ ಶುರುವಾದ ಮೇಲೆ ಮೊದಲ ಡೋಸ್ ಕೊಡುತ್ತಾರೆ. ಮೆಥಡೋನ್ ತೆಗೆದುಕೊಳ್ಳುತ್ತಿದ್ದವರಿಗೆ ಇನ್ನೂ ಹೆಚ್ಚು ಕಾಯಬೇಕು.